ಅಪ್ಪ ಕೂರದ ಕುರ್ಚಿ

ಪ್ರಶ್ನೆ: ನಾವು ಬೆಳಗಾವಿಯ ಟಿಳಕವಾಡಿಯಲ್ಲಿದ್ದೇವೆ. ಅಪ್ಪ ಅಥಣಿಯಲ್ಲಿ 40 ವರ್ಷ ಕೊಲ್ಹಾಪುರಿ ಚಪ್ಪಲಿ ಮಾಡಿದವರು. ಈಗ 71 ವರ್ಷ, ನಮ್ಮೊಂದಿಗೇ ಇದ್ದಾರೆ. ದೀಪಾವಳಿಗೆ ಅವರಿಗಾಗಿ ಒಂದು ವಿದೇಶಿ ಆರಾಮ ಕುರ್ಚಿ ತರಿಸಿದೆ. ಆಕ್ರೋಟ್ ಮರದ ಚೌಕಟ್ಟು, ಚರ್ಮದ ಪಟ್ಟಿಗಳನ್ನು ಕೈಯಿಂದ ಹೆಣೆದ ಆಸನ, ಬೆಲೆ 3.2 ಲಕ್ಷ ರೂಪಾಯಿ. ಬಂದ ದಿನ ಅಪ್ಪ ಅದನ್ನು ಬೋರಲು ಹಾಕಿಸಿ ಅರ್ಧ ಗಂಟೆ ನೋಡಿದರು. ‘ಎಡಗಡೆ ಒಂದು ಪಟ್ಟಿ ಸಡಿಲಾಗಿದೆ’ ಎಂದರು, ಅಷ್ಟೇ. ಇಂದಿಗೂ ಅದರಲ್ಲಿ ಕುಳಿತಿಲ್ಲ. ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಾರೆ. ಬೆಲೆ ತಿಳಿದಂದಿನಿಂದ ಹೆಂಡತಿಯೂ ಮುಖ ಕೊಟ್ಟು ಮಾತನಾಡುತ್ತಿಲ್ಲ. ಮಾರಿಬಿಡಲೇ?

ಉತ್ತರ: ಈಗಲೇ ಮಾರಬೇಡಿ. ನೀವು ‘ಅಷ್ಟೇ’ ಎಂದು ದಾಟಿಹೋದ ಆ ಅರ್ಧ ಗಂಟೆಯನ್ನು ನಾನು ದಾಟಲಾರದೆ ಹೋದೆ. ಬೇಡವಾದ ವಸ್ತುವನ್ನು ಯಾರೂ ಬೋರಲು ಹಾಕಿಸಿ ನೋಡುವುದಿಲ್ಲ. ಕಸುಬು ಬಲ್ಲವರು ಮಾತ್ರ ಹೆಣಿಗೆಯ ಹಿಂಬದಿಯನ್ನು ಹುಡುಕುತ್ತಾರೆ, ಗಂಟು ಎಲ್ಲಿ ಮುಗಿದಿದೆ, ಅಂಚನ್ನು ಹೇಗೆ ತೆಳುವಾಗಿಸಿದ್ದಾರೆ ಎಂದು. ನಿಮ್ಮ ತಂದೆ ಆ ದಿನ ನಿಮ್ಮ ಉಡುಗೊರೆಯನ್ನು ತಮ್ಮದೇ ರೀತಿಯಲ್ಲಿ ಸ್ವೀಕರಿಸಿದ್ದಾರೆ. ನೀವು ಅವರು ಕೂರುವುದನ್ನು ಕಾಯುತ್ತಿದ್ದಿರಿ, ಆದ್ದರಿಂದ ಅದು ಕಾಣಲಿಲ್ಲ.

ಕೂರದಿರುವುದಕ್ಕೆ ಬಹಳ ಸಾದಾ ಕಾರಣವೂ ಇರಬಹುದು. ಇಂಥ ಕುರ್ಚಿಗಳು ತಗ್ಗಾಗಿ, ಹಿಂದಕ್ಕೆ ವಾಲಿಕೊಂಡಿರುತ್ತವೆ. ನಲವತ್ತು ವರ್ಷ ನೆಲದ ಮೇಲೆ ಕುಳಿತು, ಮುಂದಕ್ಕೆ ಬಾಗಿ ದುಡಿದ ಮೈಗೆ ಅದು ಆರಾಮವೆನಿಸಲಾರದು. ಇನ್ನೊಂದು ಕಾರಣವನ್ನು ಬರೆಯಲು ನನಗೆ ಸಂಕಟವಾಗುತ್ತದೆ. ಕಾಲಿನ ಅಳತೆ ತೆಗೆಯಲು ಅವರು ಹೋಗುತ್ತಿದ್ದ ಮನೆಗಳಲ್ಲಿ ಅವರನ್ನು ಎಲ್ಲಿ ಕೂರಿಸುತ್ತಿದ್ದರು ಎಂಬುದು ನಿಮಗೆ ಗೊತ್ತು. ಅದಕ್ಕೆ ಉತ್ತರವೆಂದೇ ಈ ಕುರ್ಚಿ ತಂದಿರಲ್ಲವೇ? ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಆ ಲೆಕ್ಕ ತೀರಿಸುವ ಹೊಣೆಯನ್ನು ಈ ವಯಸ್ಸಿನಲ್ಲಿ ಅವರ ಮೇಲೆ ಹೊರಿಸಬೇಡಿ. ಚಾಪೆ ಅವರ ಆಯ್ಕೆಯಾಗಿದ್ದರೆ ಅದೇ ಅವರ ಆಸನ.

ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡ ಚರ್ಮವನ್ನು ಅವರು ಬೆರಳಲ್ಲೇ ಓದಬಲ್ಲರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ (ಜಿಐ) ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ಜೊತೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದ್ದು ಇಂಥ ಕೈಗಳಿಂದಲೇ. ವಿದೇಶಿ ಕುರ್ಚಿಗಳ ಹಿಂದೆಯೂ ಇಂಥ ಕೈಗಳಿರುತ್ತವೆ. ಡೆನ್ಮಾರ್ಕಿನ ವಿನ್ಯಾಸಕಾರ ಹ್ಯಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ವಿಶ್‌ಬೋನ್ ಕುರ್ಚಿಯ ಆಸನಕ್ಕೆ ಸುಮಾರು 120 ಮೀಟರ್ ಕಾಗದದ ಹುರಿ ಬೇಕು, ಅದನ್ನು ಇಂದಿಗೂ ಕೈಯಲ್ಲೇ ಹೆಣೆಯುತ್ತಾರೆ. ರೂಪಿಸಿದವರ ಹೆಸರು ಜಗತ್ತಿಗೆ ಗೊತ್ತು, ಹೆಣೆದವರದು ಕುರ್ಚಿಯ ಮೇಲೆ ಇರುವುದಿಲ್ಲ. ನಿಮ್ಮ ತಂದೆ ಬೋರಲು ಹಾಕಿಸಿ ನೋಡಿದ್ದು ಇಂಥ ಹೆಸರಿಲ್ಲದವರ ಕೆಲಸವನ್ನು. ಅದರ ಬಗ್ಗೆ ಅವರನ್ನು ಮಾತನಾಡಿಸಿ. ಅವರ ರಂಪಿಗೆ, ಉಳಿ ಇನ್ನೂ ಪೆಟ್ಟಿಗೆಯಲ್ಲಿದ್ದರೆ ಹೊರಗೆ ತೆಗೆಯಿರಿ, ಆ ಸಡಿಲ ಪಟ್ಟಿಯನ್ನು ಬಿಗಿ ಮಾಡಿಕೊಡುತ್ತೀರಾ ಎಂದು ಕೇಳಿ. ಕಂಪನಿಯ ವಾರಂಟಿ ಹೋಗುತ್ತದೆ ಎಂಬ ಚಿಂತೆ ಬೇಡ, ಹೋಗಲಿ.

ನಿಮ್ಮ ಹೆಂಡತಿಯ ಸಿಟ್ಟು ಮಾತ್ರ ನ್ಯಾಯವಾದದ್ದು. ಮೂರು ಲಕ್ಷಕ್ಕೂ ಹೆಚ್ಚು ಹಣವನ್ನು ಅವರಿಗೆ ಒಂದು ಮಾತು ಹೇಳದೆ ಖರ್ಚು ಮಾಡಿದ್ದೀರಿ. ‘ಅಪ್ಪನಿಗಾಗಿ’ ಎಂಬ ಮಾತನ್ನು ಗುರಾಣಿಯಂತೆ ಹಿಡಿಯಬೇಡಿ. ಹಾಗೆ ಹಿಡಿದರೆ ಅವರು ಮಾವನ ವಿರುದ್ಧ ನಿಂತಂತೆ ಕಾಣಬೇಕಾಗುತ್ತದೆ. ತಪ್ಪಾಯಿತು ಎಂದು ಹೇಳಿ. ಸಾಲ ಮಾಡಿದ್ದರೆ ಕಂತಿನ ವಿವರವನ್ನು ಅವರ ಮುಂದಿಡಿ. ಎಲ್ಲ ನೋಡಿದ ಮೇಲೂ ಮಾರೋಣ ಎಂದು ಅವರು ಹೇಳಿದರೆ ಆಗ ಮೂವರೂ ಕುಳಿತು ಯೋಚಿಸಿ.

ಪಟ್ಟಿಯ ಕೆಲಸ ಮಳೆಗಾಲಕ್ಕೆ ಮೊದಲೇ ಆಗಲಿ. ಬೆಳಗಾವಿಯ ತೇವಕ್ಕೆ ಚರ್ಮ ಬೇಗ ಬೂಷ್ಟು ಹಿಡಿಯುತ್ತದೆ. ಯಾವ ಎಣ್ಣೆ, ಎಷ್ಟು ಹಚ್ಚಬೇಕು ಎಂಬುದನ್ನೂ ಅವರನ್ನೇ ಕೇಳಿ.