ಫ್ರಾಂಕನ್‌ಸ್ಟೈನ್: ಮದುವೆ ರಾತ್ರಿಯ ಮಾತು ಮುನ್ಸೂಚನೆನಾ, ಐರನಿನಾ?

ಪ್ರಶ್ನೆ: ಸರ್, ಎಂಎ ಇಂಗ್ಲಿಷ್ ಓದ್ತಿದೀನಿ. ಮೇರಿ ಶೆಲ್ಲಿ ಅವರ 'ಫ್ರಾಂಕನ್‌ಸ್ಟೈನ್'ನಲ್ಲಿ "ನಿನ್ನ ಮದುವೆ ರಾತ್ರಿ ನಾನು ಬರ್ತೀನಿ" ಅಂತ ವಿಕ್ಟರ್ ಫ್ರಾಂಕನ್‌ಸ್ಟೈನ್‌ಗೆ ಅವನೇ ಜೀವ ಕೊಟ್ಟ ಜೀವಿ ಹೇಳೋದನ್ನ ಒಂದು ನೋಟ್ಸಲ್ಲಿ ಫೋರ್‌ಶಾಡೋಯಿಂಗ್ (ಮುನ್ಸೂಚನೆ) ಅಂತಾರೆ, ಇನ್ನೊಂದ್ರಲ್ಲಿ ಐರನಿ (ಅಂದ್ಕೊಂಡಿದ್ದಕ್ಕೆ ಉಲ್ಟಾ ಆಗೋದು) ಅಂತಾರೆ. ಯಾವ್ದು ಸರಿ?

ಉತ್ತರ: ಎರಡೂ ಸರಿನೇ, ನೋಟ್ಸ್ ಬರೆದೋರನ್ನ ಬೈಕೋಬೇಡಿ. ಆ ಮಾತು ಯಾವಾಗ ಬರುತ್ತೆ ನೋಡಿ. ನನಗೊಬ್ಬ ಜೊತೆಗಾತಿ ಮಾಡ್ಕೊಡು ಅಂತ ಅವನು (ಅದು ಅನ್ಬೇಕೋ ಅವನು ಅನ್ಬೇಕೋ, ಶೆಲ್ಲಿ ಹೆಸರೇ ಇಟ್ಟಿಲ್ಲ) ಕೇಳ್ಕೊಂಡಿರ್ತಾನೆ, ವಿಕ್ಟರ್ ಒಪ್ಕೊಂಡು ಸ್ಕಾಟ್ಲೆಂಡ್‌ನ ಆರ್ಕ್‌ನಿ ದ್ವೀಪದಲ್ಲಿ ಕೂತು ಅರ್ಧಂಬರ್ಧ ಮಾಡಿ ಆಮೇಲೆ ಅವನ ಕಣ್ಣೆದುರಿಗೇ ಹರಿದು ಹಾಕ್ತಾನೆ. ಆಗ ಬರೋ ಬೆದರಿಕೆ ಇದು. ನನ್ನವಳನ್ನ ನೀನು ಇಲ್ಲ ಅನ್ನಿಸ್ದೆ, ನಿನ್ನವಳನ್ನ ನಾನು ಬಿಡಲ್ಲ, ಲೆಕ್ಕ ಅಷ್ಟೇ. ಓದೋ ನಮಗೆ ಹೊಳೆಯುತ್ತೆ, ಹೆಣಕ್ಕೆ ಜೀವ ಕೊಡೋ ಗುಟ್ಟು ಕಂಡುಹಿಡಿದ ಮನುಷ್ಯನಿಗೆ ಮಾತ್ರ ಹೊಳೆಯಲ್ಲ! ತನ್ನನ್ನೇ ಕೊಲ್ಲೋಕೆ ಬರ್ತಾನೆ ಅಂದ್ಕೊಂಡು ಮದುವೆ ರಾತ್ರಿ ಪಿಸ್ತೂಲು ಇಟ್ಕೊಂಡು, ಹೆಂಡತಿ ಎಲಿಜಬೆತ್‌ಗೆ ನೀನು ಹೋಗಿ ಮಲ್ಕೋ ಅಂತ ಒಬ್ಬಳನ್ನೇ ರೂಮಿಗೆ ಕಳಿಸಿ, ತಾನು ಮನೆಯೆಲ್ಲಾ ಹುಡುಕ್ತಾ ಓಡಾಡ್ತಿರ್ತಾನೆ. ಜೀವಿ ಕೊಲ್ಲೋಕೆ ಬಂದಿದ್ದು ಅವಳನ್ನ ಅನ್ನೋದು ಅವಳ ಚೀರಾಟ ಕೇಳಿದ ಮೇಲೇನೇ ತಲೆಗೆ ಹೋಗೋದು. ಮಾತು ಮುನ್ಸೂಚನೆ, ಅದನ್ನ ಅವನು ತಿಳ್ಕೊಂಡ ರೀತಿ ಐರನಿ. ಎಕ್ಸಾಮಲ್ಲಿ ಹೀಗೇ ಬಿಡಿಸಿ ಬರೀರಿ.

ಸುಳಿವು ಇದಕ್ಕೂ ಮುಂಚೆನೇ ಇದೆ. ಜೀವಿ ಕಣ್ಣು ಬಿಟ್ಟ ನವೆಂಬರ್ ರಾತ್ರಿನೇ ವಿಕ್ಟರ್‌ಗೆ ಕನಸು ಬೀಳುತ್ತೆ, ಎಲಿಜಬೆತ್‌ಗೆ ಮುತ್ತು ಕೊಟ್ಟ ತಕ್ಷಣ ಅವಳು ಸತ್ತ ತಾಯಿಯ ಹೆಣ ಆಗ್ಬಿಡ್ತಾಳೆ. ಹದಿನೈದರ ವಯಸ್ಸಲ್ಲಿ ಸಿಡಿಲು ಬಡಿದು ಓಕ್ ಮರ ಬರೀ ಮೋಟಾಗಿದ್ದನ್ನ ನೋಡಿರ್ತಾನಲ್ಲ, ಮುಂದೆ ತನ್ನನ್ನೇ ಸಿಡಿಲು ಹೊಡೆದ ಮರ ಅಂತ ಕರ್ಕೋತಾನೆ. ಕಥೆಯನ್ನ ಎಲ್ಲಾ ಮುಗಿದ ಮೇಲೆ ಅವನೇ ಹೇಳ್ತಿರೋದ್ರಿಂದ ವಿಧಿ, ಹಣೆಬರಹ ಅನ್ನೋ ಮಾತು ಪದೇ ಪದೇ ಬರುತ್ತೆ. ನನಗಂತೂ ಅದು ಮುನ್ಸೂಚನೆಗಿಂತ ಜಾಸ್ತಿ ತಪ್ಪನ್ನ ವಿಧಿ ತಲೆಗೆ ಕಟ್ಟೋ ಚಾಲಾಕಿ ಅನ್ಸುತ್ತೆ.

ಆದ್ರೆ ದೊಡ್ಡ ಐರನಿ ಕೊನೆಗಿದೆ, ಅದನ್ನ ಬಿಡಬೇಡಿ. ಉತ್ತರ ಧ್ರುವಕ್ಕೆ ಹೊರಟ ಹಡಗಿನ ನಾಯಕ ವಾಲ್ಟನ್‌ಗೆ ವಿಕ್ಟರ್, ನನ್ನ ತರ ಆಸೆ ಬೆನ್ನತ್ತಿ ಹಾಳಾಗಬೇಡ ಅಂತ ಬುದ್ಧಿ ಹೇಳೋಕೇ ಇಡೀ ಕಥೆ ಶುರು ಮಾಡಿರ್ತಾನೆ. ಆದ್ರೆ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿ ನಾವಿಕರು ವಾಪಸ್ ಹೋಗೋಣ ಅಂದಾಗ ಅದೇ ವಿಕ್ಟರ್, ನೀವೇನು ಹೇಡಿಗಳಾ ಅಂತ ಭಾಷಣ ಬಿಗಿತಾನೆ, ಸಾಯೋ ಹೊತ್ತಲ್ಲೂ ನಾನು ಸೋತೆ, ಇನ್ನೊಬ್ಬ ಗೆಲ್ಲಬಹುದೇನೋ ಅಂತಾನೆ.