ಒಟ್ಟು ಅಂಕ ನೋಡಿ ಸೈನ್ಸ್ ಕೊಡಿಸಬೇಡಿ

ನಾಗಮಂಗಲ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರೊಬ್ಬರ ಪತ್ರ: ಹತ್ತನೇ ತರಗತಿಯ ವೃತ್ತಿ ಮಾರ್ಗದರ್ಶನ ಈ ವರ್ಷ ತಮ್ಮ ಹೆಗಲಿಗೆ ಬಿದ್ದಿದೆ, ಪೋಷಕರೆಲ್ಲ ‘ಸೈನ್ಸೇ ಕೊಡಿಸಿ ಸಾರ್’ ಅನ್ನುತ್ತಾರೆ, ಯಾವುದಾದರೂ ಆಪ್ಟಿಟ್ಯೂಡ್ ಟೆಸ್ಟ್ ಕೊಂಡು ಮಾಡಿಸಿದರೆ ಸಾಕೇ?

ಟೆಸ್ಟಿಗೆ ದುಡ್ಡು ಹಾಕುವ ಮುಂಚೆ ಶಾಲೆಯಲ್ಲಿರುವ ಹಳೆಯ ಬ್ಯಾಚಿನ ಅಂಕಗಳನ್ನು ಬಿಡಿಸಿ ನೋಡಿ. ಒಬ್ಬ ಹುಡುಗಿಗೆ 625ಕ್ಕೆ 552 ಬಂದಿದೆ ಅಂತಿಟ್ಟುಕೊಳ್ಳಿ. ಶೇ 88, ಮನೆಯಲ್ಲಿ ಹಬ್ಬ. ಆದರೆ ಕನ್ನಡ 125ಕ್ಕೆ 122, ಉಳಿದವು ನೂರಕ್ಕೆ: ಇಂಗ್ಲಿಷ್ 88, ಹಿಂದಿ 97, ಸಮಾಜ 95, ವಿಜ್ಞಾನ 81, ಗಣಿತ 69. ಈ 69ರಲ್ಲಿ ಆಂತರಿಕ ಅಂಕ 20 ಕಳೆದರೆ ಲಿಖಿತದಲ್ಲಿ ಸಿಕ್ಕಿದ್ದು 80ಕ್ಕೆ 49. ಆಂತರಿಕ ಅಂಕ ನಾವು ಎಷ್ಟು ಧಾರಾಳವಾಗಿ ಕೊಡುತ್ತೇವೆ ಅನ್ನುವುದು ನಿಮಗೇ ಗೊತ್ತು. ಈ ಹುಡುಗಿ ಪಿಯುನಲ್ಲಿ ಪಿಸಿಎಂಬಿಗೆ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಸೇರಿದರೆ ಮೊದಲು ಮುಗ್ಗರಿಸುವುದು ಗಣಿತದಲ್ಲಿ, ಆಮೇಲೆ ಅದೇ ಗಣಿತ ಬೇಡುವ ಭೌತಶಾಸ್ತ್ರದಲ್ಲಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಪ್ರಥಮ ಪಿಯು ಭೌತಶಾಸ್ತ್ರದ ಇಂಗ್ಲಿಷ್ ಪುಸ್ತಕದ ಒಂದು ಪುಟ ಕೊಡಿ, ಹದಿನೈದು ನಿಮಿಷ ಬಿಡಿ, ಅರ್ಥವಾದದ್ದನ್ನು ಕನ್ನಡದಲ್ಲಿ ಹೇಳಿಸಿ. ಅರ್ಧದಷ್ಟು ಹೇಳಿದರೂ ಬೇಸಿಗೆ ರಜೆಯಲ್ಲಿ ತಯಾರಿ ಮಾಡಿಸಿ ಕಳಿಸಬಹುದು. ಏನೂ ಹೊರಡದಿದ್ದರೆ ಮನೆಯವರಿಗೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ.

ಮಾತುಕತೆಗೆ ಮೊದಲು ಮಗುವನ್ನು ಒಬ್ಬಂಟಿಯಾಗಿ ಕೂರಿಸಿಕೊಳ್ಳಿ, ಅಪ್ಪ ಅಮ್ಮ ಆಮೇಲೆ. ತಿರುಗುಮುರುಗು ಮಾಡಿದರೆ ಮಗು ತಲೆಯಾಡಿಸಿ ಎದ್ದುಹೋಗುತ್ತದೆ, ಅಷ್ಟೇ. ‘ಮುಂದೆ ಏನಾಗ್ತೀಯ?’ ಅಂದರೆ ಡಾಕ್ಟರ್, ಪೊಲೀಸ್ ಅನ್ನುವ ಬಾಯಿಪಾಠವೇ ಬರುವುದು. ‘ಯಾವ ಹೋಂವರ್ಕ್ ಮೊದಲು ಮುಗಿಸ್ತೀಯ? ಬೆಳಗ್ಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ?’ ಎಂದು ಕೇಳಿ. ಹುಡುಗಿಯರು ಕಾಲೇಜು ಬಿಡುವುದಕ್ಕೆ ಎಷ್ಟೋ ಸಲ ಬಸ್ಸೇ ಕಾರಣ, ಪಾಠವಲ್ಲ. ಮದುವೆಯ ಮಾತು ಬಂದರೆ ಅದು ಮಾರ್ಗದರ್ಶನದ ವಿಷಯವೇ ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಪೋಷಕರ ಮುಂದೆ ‘ಇದು ಬೇಡ’ ಅನ್ನಬೇಡಿ, ಯಾವ ಬಾಗಿಲು ಎಲ್ಲಿ ಮುಚ್ಚುತ್ತದೆ ಅಂತ ತೋರಿಸಿ. ಪಿಯುನಲ್ಲಿ ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಓದದೆ ನೀಟ್ ಇಲ್ಲ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷಕ್ಕೇ ಸೇರಬಹುದು. ಎಷ್ಟು ಅಪ್ಪಂದಿರಿಗೆ ಇದು ಗೊತ್ತಿದೆ? ಮದ್ದೂರಿನ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ), ಮೈಸೂರಿನ ಸಿಪೆಟ್ (ಕೇಂದ್ರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ಎರಡೂ ಎಸ್ಸೆಸ್ಸೆಲ್ಸಿ ಮೇಲೆ ಡಿಪ್ಲೊಮಾಕ್ಕೆ ಸೇರಿಸಿಕೊಳ್ಳುತ್ತವೆ. ಸೈನ್ಸೇ ಬೇಕು ಅನ್ನುವವರಿಗೆ ಪಿಯು ಆದಮೇಲೆ ಮಂಡ್ಯದ ವಿ.ಸಿ. ಫಾರಂನ ಬಿಎಸ್ಸಿ ಕೃಷಿ, ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯ ಪದವಿ, ಅಲ್ಲಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಾದ ಆರ್‌ಐಇಯ ನಾಲ್ಕು ವರ್ಷದ ಬಿಎಸ್ಸಿ ಬಿಎಡ್ ಕೂಡ ಇವೆ ಅಂತ ಹೇಳಿ. ಹೊಲ ಮಾರಿ ನೀಟ್ ಕೋಚಿಂಗಿಗೆ ಕಟ್ಟುವ ಮುಂಚೆ ಇಷ್ಟಾದರೂ ಕಿವಿಗೆ ಬೀಳಲಿ.

ಕಾಗದಪತ್ರ ಈಗಲೇ ಶುರು ಮಾಡಿ. ಸಿಇಟಿಯ ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿರಬೇಕು. ಒಂದೇ ವರ್ಷ ಮಂಡ್ಯ ಪೇಟೆಯಲ್ಲಿ ಓದಿದ್ದರೂ ಅದು ಕೈಬಿಡುತ್ತದೆ. ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತೂ ವರ್ಷದ ಲೆಕ್ಕವೇ. ಎರಡಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಶಾಲಾ ದಾಖಲೆಯಲ್ಲಿ ಇನ್ನೊಂದು ಇದ್ದರೆ ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲೇ ಸರಿಪಡಿಸಿ.

ಈ ಕೆಲಸ ನಿಮಗೆ ಹಿಡಿಸಿದರೆ ಮೈಸೂರಿನ ಆರ್‌ಐಇಯಲ್ಲಿ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ ಡಿಪ್ಲೊಮಾ ಇದೆ: ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಅಲ್ಲೇ ತರಬೇತಿ, ಮೂರು ತಿಂಗಳು ಇಂಟರ್ನ್‌ಶಿಪ್.