ಗ್ರೀಕ್‌ನ ‘ಒಯ್ಕೊದೊಮೆಓ’ ಕ್ರಿಯಾಪದ ಕೆಲವು ಕಡೆ ‘ಒ’, ಕೆಲವು ಕಡೆ ‘ಓ’ ಇಂದ ಶುರುವಾಗುವುದು ಯಾಕೆ? ಎರಡೂ ಒಂದೇ ಪದವೇ?

ಹೌದು, ಒಂದೇ ಪದ, ಅರ್ಥ ‘ಕಟ್ಟು’. ಸಂಸ್ಕೃತ ಓದಿದ್ದರೆ ಇದು ಬೇಗ ಹಿಡಿತಕ್ಕೆ ಬರುತ್ತದೆ. ಗಚ್ಛತಿ (ಹೋಗುತ್ತಾನೆ) ‘ಅಗಚ್ಛತ್’ (ಹೋದನು) ಆಗುವಾಗ ಮುಂದೆ ಬರುವ ‘ಅ’ಕಾರದ ಗ್ರೀಕ್ ಜೋಡಿ ‘ಎ’. ಧಾತು ವ್ಯಂಜನದಿಂದ ಶುರುವಾದರೆ ಈ ಆಗಮ (ಭೂತಕಾಲ ತೋರಿಸಲು ಮುಂದೆ ಸೇರುವ ಧ್ವನಿ) ಹಾಗೇ ಅಂಟಿಕೊಳ್ಳುತ್ತದೆ. ಸ್ವರದಿಂದ ಶುರುವಾದರೆ ಸಾಮಾನ್ಯವಾಗಿ ಆ ಸ್ವರವೇ ದೀರ್ಘವಾಗುತ್ತದೆ: ಒಯ್ ಹೋಗಿ ಓಯ್. ಬರಹದಲ್ಲಿ ಈ ‘ಯ್’ ಒಮೆಗಾದ (ದೀರ್ಘ ‘ಓ’ ಅಕ್ಷರ) ಅಡಿಯಲ್ಲಿ ಪುಟ್ಟ ಗೀಟಾಗಿ ಕೂರುತ್ತದೆ. ಅದನ್ನು ನೋಡದೆ ನಿಘಂಟಿನ ಒಮೆಗಾ ಭಾಗದಲ್ಲಿ ಹುಡುಕಿದರೆ ಪದ ಸಿಗುವುದಿಲ್ಲ. ಒಮಿಕ್ರಾನ್ (ಹ್ರಸ್ವ ‘ಒ’ ಅಕ್ಷರ) ಭಾಗಕ್ಕೆ ಹೋಗಬೇಕು.

ಬಾಯಿಪಾಠ ಮಾಡಬೇಕಾದ ರೂಪಗಳು 6. ವರ್ತಮಾನ ಒಯ್ಕೊದೊಮೋ (ಎ, ಓ ಕೂಡಿ ಓ), ಭವಿಷ್ಯತ್ ಒಯ್ಕೊದೊಮೇಸೋ, ಲುಙ್‌ಗೆ (ಸಂಸ್ಕೃತದ ಒಂದು ಭೂತಕಾಲ) ಸಮನಾದದ್ದು ಓಯ್ಕೊದೊಮೇಸ, ಲಿಟ್‌ಗೆ (ಸಂಸ್ಕೃತದ ಇನ್ನೊಂದು ಭೂತಕಾಲ) ಸಮನಾದದ್ದು ಓಯ್ಕೊದೊಮೇಕ, ಅದರ ಕರ್ಮಣಿ ಓಯ್ಕೊದೊಮೇಮಯ್, ಲುಙ್ ಕರ್ಮಣಿ ಓಯ್ಕೊದೊಮೇಥೇನ್. ವರ್ತಮಾನ ಬಿಟ್ಟು ಉಳಿದೆಲ್ಲದರಲ್ಲೂ ‘ಮೆ’ ಹೋಗಿ ‘ಮೇ’ ಆಗಿರುವುದನ್ನು ಗಮನಿಸಿ. ನಿಮ್ಮ ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಎ-ಏ, ಒ-ಓ ವ್ಯತ್ಯಾಸ ನಮ್ಮ ಲಿಪಿಯಲ್ಲಿ ತಾನಾಗಿಯೇ ಉಳಿಯುತ್ತದೆ. ರೋಮನ್ ಅಕ್ಷರದಲ್ಲಿ ಮೇಲೆ ಗೆರೆ ಎಳೆಯಲು ಮರೆತರೆ ಎಲ್ಲ ಒಂದೇ ಆಗಿಬಿಡುತ್ತದೆ.

ಹೆಚ್ಚು ಜನ ಎಡವುವುದು ‘ಕಟ್ಟಲು’ ಎಂಬಂಥ ರೂಪಗಳಲ್ಲಿ. ಲುಙ್‌ನ ಆಗಮ ನಿಶ್ಚಯಾರ್ಥಕ್ಕೆ (‘ಕಟ್ಟಿದನು’ ಎಂದು ನೇರವಾಗಿ ಹೇಳುವ ರೂಪಕ್ಕೆ) ಮಾತ್ರ, ಹಾಗಾಗಿ ಅಲ್ಲಿ ಒಯ್ಕೊದೊಮೇಸಯ್ ಎಂದು ಹ್ರಸ್ವ. ಲಿಟ್‌ನ ದೀರ್ಘ ಮಾತ್ರ ‘ಚಕಾರ’ (ಮಾಡಿದನು) ಎಂಬ ಸಂಸ್ಕೃತ ರೂಪದಲ್ಲಿ ಕಾಣುವ ದ್ವಿತ್ವದ ಬದಲಿಗೆ ಬಂದದ್ದು. ಅದು ಬಿದ್ದುಹೋಗುವುದಿಲ್ಲ: ಓಯ್ಕೊದೊಮೇಕೆನಯ್.

‘ಎಪಿ’ ಉಪಸರ್ಗ ಸೇರಿದರೆ ದೀರ್ಘ ಪದದ ಒಳಗೆ ಅಡಗುತ್ತದೆ: ಎಪೋಯ್ಕೊದೊಮೇಸ. ‘ಅನ್ವಗಚ್ಛತ್’ನಲ್ಲಿ ಅನು ಆದಮೇಲೆ ‘ಅ’ ಬಂದ ಹಾಗೇ ಇದು.

ನೀವು ಹೊಸ ಒಡಂಬಡಿಕೆ ಓದುತ್ತಿದ್ದರೆ ಈ ನಿಯಮ ಸಡಿಲವಾಗಿರುವುದೂ ಕಾಣುತ್ತದೆ. ದೇವಾಲಯ ಕಟ್ಟಲು 46 ವರ್ಷ ಹಿಡಿಯಿತು ಎನ್ನುವ ಯೋಹಾನ 2:20ರಲ್ಲಿ ಇಂದಿನ ಪರಿಷ್ಕೃತ ಪಠ್ಯ ‘ಒಯ್ಕೊದೊಮೇಥೇ’ ಎಂದು ಆಗಮವಿಲ್ಲದ ರೂಪ ಕೊಡುತ್ತದೆ. ಹಳೆಯ ಮುದ್ರಿತ ಪಠ್ಯದಲ್ಲಿ ‘ಓಯ್ಕೊದೊಮೇಥೇ’ ಇದೆ. ಆಗಮವಿಲ್ಲದ ರೂಪ ಅಚ್ಚಿನ ತಪ್ಪಲ್ಲ, ತಿದ್ದಲು ಹೋಗಬೇಡಿ.